ತೆರೆಯ ಮೇಲಿನ ಪುರೋಹಿತ

ಅಂಬಾಬಾಯಿಯ ಗಂಡ ಸುಧೀಂದ್ರ ಮನೆಗೆ ಬಾರದೆ ಮೂರು ವರ್ಷ ನಾಲ್ಕು ತಿಂಗಳಾಗಿದ್ದಾಗ, ನಾರಾಯಣಪೇಟೆಯ ಸೀರೆ ವ್ಯಾಪಾರಿ ಅಯ್ಯಣ್ಣ ಮಕ್ತಲಿನ ಅವರ ಮನೆಯ ಕಟ್ಟೆಯ ಮೇಲೆ ಕೂತು, ಅವನನ್ನು ಸಿನಿಮಾದಲ್ಲಿ ನೋಡಿದೆ ಎಂದು ಹೇಳಿದ.

"ಸೊಲ್ಲಾಪುರದಾಗ ನೋಡಿದೆನ್ರೀ ಅಮ್ಮಾರ. ಹಿಂದಿ ಸಿನಿಮಾ. ನಡುವೆ ಒಂದು ಮದುವಿ ಬರತೈತಿ. ಮದುವಿ ಮಾಡಿಸೋ ಪುರೋಹಿತ ಅದಾನಲ್ಲ, ಥೇಟ್ ನಮ್ಮ ಸುಧೀಂದ್ರರಾಯರು. ಅದೇ ನಡಿಗಿ. ಹೆಗಲ ಮ್ಯಾಲಿನ ಶಲ್ಯ ಹಿಂದಕ್ಕ ಒಗಿಯೋದೂ ಹಂಗ. ನಾ ಕುರ್ಚಿ ಬಿಟ್ಟು ಎದ್ದು ನಿಂತೆ ನೋಡ್ರಿ. ಹಿಂದಿನೋರು 'ಬೈಠೋ, ಬೈಠೋ' ಅಂತ ಬೈದ್ರು."

ಒಳಬಾಗಿಲಲ್ಲಿ ನಿಂತು ಅಕ್ಕಿ ಕೇರುತ್ತಿದ್ದ ಅಂಬಾಬಾಯಿಯ ಕೈಯಲ್ಲಿ ಮೊರ ಓರೆಯಾಗಿ, ಅಕ್ಕಿ ಸದ್ದಿಲ್ಲದೆ ಸುರಿದುಹೋಯಿತು. ಅವಳಿಗೆ ಅದು ಗೊತ್ತಾಗಲಿಲ್ಲ. ಅಂಗಳದಲ್ಲಿ ಜಪಕ್ಕೆ ಕೂತಿದ್ದ ಅತ್ತೆ ರಾಧಾಬಾಯಿ ಮಣಿಸರವನ್ನು ನಿಲ್ಲಿಸಿ ಮುಖ ಎತ್ತಿದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು, ನೆರಳು, ಮನುಷ್ಯರ ಆಕಾರ, ಅಷ್ಟೇ ಕಾಣುತ್ತಿತ್ತು.

"ಅಯ್ಯಣ್ಣಾ, ನಿನ್ನ ಕಣ್ಣಿಗೆ ಮೋಸ ಆಗಿಲ್ಲಲ್ಲ?" ಎಂದರು.

"ಆಗಿದ್ರ ಆಗಿರಬಹುದ್ರೀ. ಅದಕ್ಕ ಹೇಳಾಕ ಬಂದೆ. ಅದೇ ಸಿನಿಮಾ ಈಗ ಗದ್ವಾಲಕ್ಕ ಬಂದೈತಿ. ನಾ ಸರಕು ತಗೊಂಡು ನಾಡಿದ್ದು ಹೊಂಟೀನಿ. ಬರ್ತೀನಂದ್ರ ಕರಕೊಂಡು ಹೋಗ್ತೀನ್ರಿ."

ಸುಧೀಂದ್ರ ಗದ್ವಾಲದ ಒಂದು ಕಚೇರಿಯಲ್ಲಿ ಉರ್ದು ಕಾಗದಗಳ ನಕಲು ಬರೆಯುವ ಕೆಲಸದಲ್ಲಿದ್ದ. ವಾರಕ್ಕೊಮ್ಮೆ ಕೃಷ್ಣೆ ದಾಟಿ ಮಕ್ತಲಿಗೆ ಬರುತ್ತಿದ್ದ. ಅವನು ಕಾಣೆಯಾದ ವರ್ಷದ ಭಾದ್ರಪದದಲ್ಲಿ ಊರೂರಿಗೂ ರಜಾಕಾರರ ಭಯ. ಸಂಜೆಯಾದರೆ ಜನ ದೀಪ ಹಚ್ಚುತ್ತಿರಲಿಲ್ಲ. ಆಮೇಲೆ ಹಿಂದೂಸ್ತಾನದ ದಂಡು ಬಂತು. ಐದು ದಿನದಲ್ಲಿ ನಿಜಾಮನ ರಾಜ್ಯ ಮುಗಿಯಿತು. ಜನ ಅದನ್ನು ಪೋಲೀಸ್ ಆಕ್ಷನ್ ಎಂದು ಕರೆದರು. ಓಡಿಹೋಗಿದ್ದವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆ ಸೇರಿದರು. ಸುಧೀಂದ್ರ ಮಾತ್ರ ಬರಲಿಲ್ಲ. ಅವನನ್ನು ಕರ್ನೂಲಿನ ಶಿಬಿರದಲ್ಲಿ ನೋಡಿದೆವು ಎಂದವರಿದ್ದರು. ಬೊಂಬಾಯಿ ರೈಲು ಹತ್ತಿದ ಎಂದವರಿದ್ದರು. ಯಾರೋ ಹಿಡಿದುಕೊಂಡು ಹೋದರು ಎಂದವರೂ ಇದ್ದರು. ಆಗ ಅಂಬಾಬಾಯಿಗೆ ಇಪ್ಪತ್ತೊಂದು ವರ್ಷ. ಹೊಳೆಯಾಚೆಯ ಗಟ್ಟು ಎಂಬ ಊರಿನಲ್ಲಿ ಪಟವಾರಿಯಾಗಿದ್ದ ಅವಳ ತಂದೆ ತೀರಿಕೊಂಡಿದ್ದರು, ತವರಿನಲ್ಲಿ ಇನ್ನಾರೂ ಉಳಿದಿರಲಿಲ್ಲ.

ಅತ್ತೆ ಸೊಸೆ ಇಬ್ಬರೇ ಆ ಮನೆಯಲ್ಲಿ ಉಳಿದರು. ದಿನಗಳು ಒಂದರಂತೆ ಒಂದು ಕಳೆಯುತ್ತಿದ್ದವು. ಬೆಳಿಗ್ಗೆ ತುಳಸಿಗೆ ನೀರು, ಮಧ್ಯಾಹ್ನ ಒಂದು ಊಟ, ಸಂಜೆ ದೇವರ ಮುಂದೆ ಹಾಡು. ಅಂಬಾಬಾಯಿಗೆ ಒಮ್ಮೊಮ್ಮೆ ತಾನು ಎಚ್ಚರವಿದ್ದೇನೋ ಇಲ್ಲವೋ ಎಂಬ ಸಂಶಯ ಬರುತ್ತಿತ್ತು. ಗಂಡ ಸತ್ತವಳೂ ಅಲ್ಲ, ಗಂಡ ಇದ್ದವಳೂ ಅಲ್ಲ. ನೀರಿನ ಮೇಲೆ ತೇಲುವ ಎಲೆಯಂತೆ ಎತ್ತಲೂ ತಾಗದೆ ಇದ್ದಳು. ಅವಳನ್ನು ನೆಲಕ್ಕೆ ತಾಗಿಸುತ್ತಿದ್ದುದು ಒಂದೇ: ದಿನವೂ ಸ್ನಾನವಾದ ಮೇಲೆ ಅತ್ತೆ ಅವಳನ್ನು ಕರೆದು, ಗಲ್ಲ ಹಿಡಿದು ಮುಖ ಬೆಳಕಿಗೆ ತಿರುಗಿಸಿ, "ಕುಂಕುಮ ಹಚ್ಚಿಕೊಂಡಿಯೇನವ್ವಾ?" ಎಂದು ಕೇಳುತ್ತಿದ್ದರು. ಕಣ್ಣಿಗೆ ಕಾಣದಿದ್ದರೂ ಕೇಳುತ್ತಿದ್ದರು.

ರಾಧಾಬಾಯಿ ಸ್ವತಃ ಇಪ್ಪತ್ತಾರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು. ಮನೆಯವರು ಸಂಪ್ರದಾಯದಂತೆ ಅವರ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಮಡಿಯಲ್ಲಿ ಕೂರಿಸಿದ್ದರು. ಅವರು ಹಾಗೆಯೇ ಇದ್ದು ಒಬ್ಬನೇ ಮಗನನ್ನು ಬೆಳೆಸಿ ದೊಡ್ಡವನನ್ನಾಗಿ ಮಾಡಿದ್ದರು.

ಪಕ್ಕದ ಮನೆ ಅವರ ಮೈದುನ ಶ್ರೀನಿವಾಸಾಚಾರರದು. ಓಣಿಯ ಗುಡಿಯ ಪೂಜೆ ಅವರದೇ. ಕೆಟ್ಟವರಲ್ಲ. ಆದರೆ ಅವರ ಮಗಳಿಗೆ ರಾಯಚೂರಿನಿಂದ ಒಂದು ಸಂಬಂಧ ಬಂದಿತ್ತು. ಅದಕ್ಕಾಗಿ ಹದಿನೈದು ದಿನದ ಹಿಂದೆ ಬಂದು ಅತ್ತಿಗೆಯ ಎದುರು ತಲೆ ತಗ್ಗಿಸಿ ನಿಂತಿದ್ದರು.

"ವೈನಿ, ಸಿಟ್ಟಾಗಬ್ಯಾಡ್ರಿ. ರಾಯಚೂರಿನವರು ಕೇಳ್ಲಿಕ್ಹತ್ಯಾರ. ನಿಮ್ಮ ಅಣ್ಣನ ಮಗ ಇದ್ದಾನೋ ಇಲ್ಲೋ, ಆ ಸೊಸಿ ಮುತ್ತೈದಿಯೋ ಅಲ್ಲೋ ಅಂತ. ಏನಂತ ಹೇಳ್ಲಿ? ಯುಗಾದಿ ಒಳಗ ದರ್ಭಿ ಗೊಂಬಿ ಮಾಡಿ ಸಂಸ್ಕಾರ ಮುಗಿಸೋಣ. ಮುಂದಿಂದು ಸಂಪ್ರದಾಯ ಹೆಂಗದನೋ ಹಂಗ."

ಮುಂದಿನದು ಏನೆಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅಡಿಗೆಮನೆಯಲ್ಲಿದ್ದ ಅಂಬಾಬಾಯಿಯ ಕೈ ತಾನಾಗಿ ತನ್ನ ಹೆರಳಿಗೆ ಹೋಗಿತ್ತು.

"ಹೆಣಾ ನೋಡಿದವರು ಯಾರಪ್ಪಾ?" ಎಂದು ರಾಧಾಬಾಯಿ ಕೇಳಿದ್ದರು.

"ಯಾರೂ ನೋಡಿಲ್ರಿ."

"ಹಂಗಾರ ನನ್ನ ಮಗ ಇದ್ದಾನ."

ಈಗ ಅಯ್ಯಣ್ಣ ಹೋದ ಮೇಲೆ ಸುದ್ದಿ ತಿಳಿದು ಶ್ರೀನಿವಾಸಾಚಾರರು ಓಡಿಬಂದರು. ಮಡಿ ಹೆಂಗಸು ಸಿನಿಮಾಕ್ಕೆ ಹೋಗುವುದೆಂದರೇನು ಎಂದರು. ರಾಧಾಬಾಯಿ ಅವಲಕ್ಕಿಯ ಗಂಟು ಕಟ್ಟುತ್ತ, "ನಾ ಸಿನಿಮಾ ನೋಡ್ಲಿಕ್ಕೆ ಹೊಂಟಿಲ್ಲ ಶ್ರೀನಿವಾಸ. ಮಗನ ಗುರ್ತು ಹಿಡೀಲಿಕ್ಕೆ ಹೊಂಟೀನಿ," ಎಂದರು.

ಪುಷ್ಯ ಮಾಸದ ಚಳಿ. ಬಂಡಿ ಬೆಳಗಿನ ಜಾವ ಹೊರಟು ಜೋಳದ ಹೊಲಗಳ ನಡುವೆ ಸಾಗಿತು. ತೆನೆಗಳ ಮೇಲೆ ಮಂಜು ಹಾಲಿನ ಕೆನೆಯಂತೆ ಕೂತಿತ್ತು. ಓಟಿನ ಕಾಲವಾದ್ದರಿಂದ ಹಳ್ಳಿಗಳ ಗೋಡೆಗಳ ಮೇಲೆ ಸುಣ್ಣದಲ್ಲಿ ಎತ್ತು, ಗುಡಿಸಲುಗಳ ಗುರುತು ಬರೆದಿದ್ದರು. ಅಂಬಾಬಾಯಿ ಅವನ್ನೆಲ್ಲ ನೋಡುತ್ತ ಹೋದಳು. ಮದುವೆಯಾಗಿ ಗಟ್ಟಿನಿಂದ ಬಂದ ದಾರಿಯೇ ಇದು. ಆಗ ಸುಧೀಂದ್ರ ಬಂಡಿಯ ಹಿಂದೆ ನಡೆಯುತ್ತ, ಹಿರಿಯರಿಗೆ ಕಾಣದಂತೆ ಅವಳಿಗೆ ಬೋರೆಹಣ್ಣು ಕೊಟ್ಟಿದ್ದ.

ಹೊಳೆಯ ದಂಡೆಯಲ್ಲಿ ಹರಗೋಲಿನವನು ಬೀರಯ್ಯ. ಐವತ್ತು ದಾಟಿದವನು, ಮಾತು ಕಡಿಮೆ. ರಾಧಾಬಾಯಿಯನ್ನು ಕಂಡವನೇ ದೂರದಿಂದ ನೆಲ ಮುಟ್ಟಿ ನಮಸ್ಕಾರ ಮಾಡಿದ. ದಾಟುವಷ್ಟು ಹೊತ್ತೂ ಅಂಬಾಬಾಯಿಯ ಮುಖ ನೋಡಲಿಲ್ಲ.

ಗದ್ವಾಲದಲ್ಲಿ ಕೋಟೆಯ ಹತ್ತಿರ ರಾಧಾಬಾಯಿಯ ದೂರದ ಸಂಬಂಧಿಕರ ಮನೆಯಲ್ಲಿ ಇಳಿದರು. ಮರುದಿನ ಮಧ್ಯಾಹ್ನದ ಆಟಕ್ಕೆ ಅಯ್ಯಣ್ಣ ಕರೆದುಕೊಂಡು ಹೋದ. ಹತ್ತಿಯ ಹಳೆಯ ಗೋದಾಮನ್ನೇ ಸಿನಿಮಾ ಮಂದಿರ ಮಾಡಿದ್ದರು. ಗೋಡೆಯ ಸಂದಿಯಲ್ಲಿ ಇನ್ನೂ ಹತ್ತಿಯ ಎಳೆಗಳು ಅಂಟಿದ್ದವು. ಹೆಂಗಸರಿಗೆ ಬೇರೆ ಜಾಗ, ನಡುವೆ ಹಸಿರು ಬಟ್ಟೆಯ ಪರದೆ. ದೀಪ ಆರಿದ ಮೇಲೆ ಮಾತ್ರ ಅದನ್ನು ಸರಿಸುತ್ತಿದ್ದರು. ಬುರ್ಖಾದವರು, ನೇಕಾರರ ಹೆಂಗಸರು, ಮಕ್ಕಳನ್ನು ಎತ್ತಿಕೊಂಡವರು ಎಲ್ಲ ಒಟ್ಟಿಗೆ ಕೂತಿದ್ದರು. ಬೋಳುತಲೆಯ ಮೇಲೆ ಕೆಂಪು ಸೆರಗು ಹೊದ್ದ ಅಜ್ಜಿಯನ್ನು ಕಂಡು ಎಲ್ಲರೂ ಸರಿದು ಗೋಡೆಯ ಪಕ್ಕ ದಾರಿ ಬಿಟ್ಟರು. ರಾಧಾಬಾಯಿ ತಮ್ಮ ಚಾಪೆ ಹಾಸಿ ಕೂತು, "ಶುರು ಆದ ಕೂಡ್ಲೇ ಎಲ್ಲಾ ಹೇಳು. ಒಂದೂ ಬಿಡಬ್ಯಾಡ," ಎಂದರು.

ಕತ್ತಲಾಯಿತು. ಹಿಂದಿನ ಗೋಡೆಯ ಕಿಂಡಿಯಿಂದ ಬೆಳಕಿನ ಒಂದು ಕೋಲು ಹೊರಟು ಎಲ್ಲರ ತಲೆಯ ಮೇಲೆ ಹಾದು ಹೋಯಿತು. ಅದರೊಳಗೆ ಧೂಳು, ಹತ್ತಿಯ ನವಿರು, ಬೀಡಿಯ ಹೊಗೆ ನಿಧಾನವಾಗಿ ತಿರುಗುತ್ತಿದ್ದವು. ತೆರೆಯ ಮೇಲೆ ಒಂದು ಮನೆ ಮೂಡಿತು. ಬೆಳ್ಳಿಯಲ್ಲಿ ಮಾಡಿದ ಮನೆಯಂತಿತ್ತು.

ಉರ್ದು ಕೇಳಿ ಬೆಳೆದ ಅಂಬಾಬಾಯಿಗೆ ಮಾತು ತಿಳಿಯುತ್ತಿತ್ತು. ಅತ್ತೆಯ ಕಿವಿಗೆ ಬಾಯಿಟ್ಟು ಹೇಳತೊಡಗಿದಳು. "ಇಬ್ಬರು ಅಣ್ಣತಮ್ಮಂದಿರ್ರಿ ಅತ್ಯಾ. ತಾಯಿ ಇಲ್ಲ. ತಮ್ಮನ್ನ ವೈನಿನೇ ಬೆಳಸ್ಯಾಳ. ಈಗ ಅವನಿಗೆ ಜ್ವರ. ವೈನಿ ತಲೀಗೆ ಒದ್ದಿ ಬಟ್ಟಿ ಹಾಕ್ಲಿಕ್ಹತ್ಯಾಳ." ರಾಧಾಬಾಯಿ, "ಪಾಪ," ಎಂದರು. ಮುಂದೆ ಅಣ್ಣನಿಗೂ ತಮ್ಮನಿಗೂ ತಪ್ಪು ತಿಳಿವಳಿಕೆಯಾಯಿತು. ತಮ್ಮನು ಮನೆ ಬಿಟ್ಟು ಹೋದ. ಅವನು ಬರುವತನಕ ಅನ್ನ ಮುಟ್ಟುವುದಿಲ್ಲ ಎಂದು ವೈನಿ ದೇವರ ಮುಂದೆ ಕೂತಳು. ಸುತ್ತಲಿನ ಹೆಂಗಸರು ಮೂಗೆಳೆಯತೊಡಗಿದರು. ಅಂಬಾಬಾಯಿಗೆ ತಾನು ಗೋದಾಮಿನಲ್ಲಿ ಕೂತಿದ್ದೇನೆಂಬುದು ಮರೆತುಹೋಯಿತು. ತೆರೆಯ ಮೇಲಿನ ಮಾತು ಹಿಂದಿಯದೋ, ತಾನು ಹೇಳುತ್ತಿರುವ ಕನ್ನಡದ್ದೋ ಬೇರೆ ಮಾಡಲಾಗದೆ, ತಾನೇ ಆ ಬೆಳ್ಳಿಯ ಮನೆಯ ಕೋಣೆಕೋಣೆಗೂ ಅತ್ತೆಯ ಕೈ ಹಿಡಿದು ಓಡಾಡಿಸುತ್ತಿರುವಂತೆ ಅನಿಸಿತು.

ಆಮೇಲೆ ಮದುವೆಯ ಮಂಟಪ ಬಂತು. ಹೂವಿನ ಸರಗಳ ನಡುವಿನಿಂದ ಪುರೋಹಿತ ನಡೆದು ಬಂದ.

ಅಂಬಾಬಾಯಿ ಮುಂದಕ್ಕೆ ಬಾಗಿ ನೋಡಿದಳು. ಅದೇ ನಡಿಗೆ. ಎಡಭುಜ ತುಸು ಮುಂದೆ. ಶಲ್ಯವನ್ನು ಹಿಂದಕ್ಕೆ ಒಗೆಯುವ ರೀತಿಯೂ ಅದೇ. ಅವನು ಬೆನ್ನು ತಿರುಗಿಸಿ ಕೂತು ಅಗ್ನಿಗೆ ತುಪ್ಪ ಹಾಕುವಾಗ ಅವಳು ಮೂರು ವರ್ಷಗಳನ್ನೂ ಮರೆತಳು. ಈಗ ತಿರುಗುತ್ತಾನೆ, ತಿರುಗಿ ತನ್ನನ್ನು ನೋಡುತ್ತಾನೆ ಎಂದು ಕಾದಳು.

ಅವನು ತಿರುಗಿದ. ವರನಿಗೆ ಏನೋ ಹೇಳಿ ಬಾಯಿ ತುಂಬ ನಕ್ಕ. ಸುಧೀಂದ್ರನ ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು, ಚಿಕ್ಕಂದಿನಲ್ಲಿ ಗುಡಿಯ ಮೆಟ್ಟಿಲ ಮೇಲೆ ಬಿದ್ದದ್ದು. ಈ ಮನುಷ್ಯನ ಹಲ್ಲು ಸಾಲಾಗಿ, ಇಡಿಯಾಗಿದ್ದವು. ಹುಬ್ಬು ಬೇರೆ. ಕಣ್ಣು ಬೇರೆ. ಯಾರೋ ಒಬ್ಬ ಮನುಷ್ಯ.

"ಬಂದನೇನು?" ಅತ್ತೆಯ ಕೈ ಅವಳ ಮಣಿಕಟ್ಟನ್ನು ಹಿಡಿಯಿತು. "ಅಂಬಾ, ಅವನೇ ಹೌದಲ್ಲೇನು?"

ಅಂಬಾಬಾಯಿ ಅತ್ತೆಯ ಮುಖ ನೋಡಿದಳು. ತೆರೆಯ ಬೆಳಕು ಆ ಪೊರೆಗಟ್ಟಿದ ಕಣ್ಣುಗಳ ಮೇಲೆ ಬಿದ್ದು ಅವು ಎರಡು ಸಣ್ಣ ಚಂದ್ರರಂತೆ ಹೊಳೆಯುತ್ತಿದ್ದವು. ಈ ಜೀವ ನಿಂತಿರುವುದೇ ಮಗ ಇದ್ದಾನೆ ಎಂಬ ಒಂದು ಎಳೆಯ ಮೇಲೆ, ಅದನ್ನು ತಾನು ಹರಿಯಬಾರದು ಎಂದುಕೊಂಡಳು.

"ಹೌದ್ರಿ ಅತ್ಯಾ. ಅವರೇ," ಎಂದಳು.

ರಾಧಾಬಾಯಿ ಕಿವಿಗೊಟ್ಟು ಪುರೋಹಿತನ ಮಂತ್ರ ಕೇಳಿದರು. ಎರಡು ಸಾಲು, ಅಷ್ಟೇ ಇತ್ತು. ಕೇಳಿ ನಿಧಾನವಾಗಿ ತಲೆಯಾಡಿಸಿದರು.

"ಹೌದು. ಅವನದೇ ಧ್ವನಿ. ನನ್ನ ಮಗನ ಧ್ವನಿ ನನಗ ಗೊತ್ತಾಗಂಗಿಲ್ಲೇನು?"

ಮುದುಕಿಯ ಕಿವಿಯೂ ಮೋಸ ಹೋಯಿತಲ್ಲ ಎಂದು ಅಂಬಾಬಾಯಿ ಸಂಕಟಪಟ್ಟಳು. ಸಿನಿಮಾ ಮುಗಿದು ಹೊರಗೆ ಬಂದಾಗ ಬಿಸಿಲು ಇನ್ನೂ ಇತ್ತು. ಅಯ್ಯಣ್ಣ ಆತುರದಿಂದ, "ಅವರೇ ಹೌದಲ್ರೀ?" ಎಂದು ಕೇಳಿದ. ಇಬ್ಬರೂ ಒಟ್ಟಿಗೆ ಹೌದು ಎಂದರು. ಅವನು ಸಂತೋಷದಿಂದ ಕಣ್ಣೊರೆಸಿಕೊಂಡ. ಬೊಂಬಾಯಿಯಲ್ಲಿರುವ ತನ್ನವರಿಗೆ ಕಾಗದ ಹಾಕಿ ಹುಡುಕಿಸುತ್ತೇನೆ ಎಂದ.

ಮರುದಿನ ಬೆಳಿಗ್ಗೆ ಅಯ್ಯಣ್ಣ ವ್ಯಾಪಾರಕ್ಕೆಂದು ಗದ್ವಾಲದಲ್ಲೇ ಉಳಿದು, ಇವರಿಬ್ಬರನ್ನು ಬಂಡಿಯಲ್ಲಿ ಹೊಳೆಗೆ ಕಳಿಸಿದ. ಕೃಷ್ಣೆಯ ಮೇಲೆ ಮಂಜು ಕವಿದಿತ್ತು. ಆಚೆಯ ದಂಡೆ ಕಾಣುತ್ತಿರಲಿಲ್ಲ. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ತಿಳಿಯದ ಆ ಬಿಳುಪಿನಲ್ಲಿ ಹರಗೋಲು ಒಂದೇ ಸುತ್ತುತ್ತ ಸಾಗಿತು. ಜೊತೆಗೆ ಕೂತಿದ್ದ ಮಹಾಂತಮ್ಮ ಎಂಬ ತರಕಾರಿಯವಳು ಊರು, ಕೆಲಸ ಎಲ್ಲ ಕೇಳಿದಳು. ರಾಧಾಬಾಯಿಯೇ ಉತ್ಸಾಹದಿಂದ, "ನನ್ನ ಮಗ ಬೊಂಬಾಯಿದಾಗ ಇದ್ದಾನವ್ವಾ. ಸಿನಿಮಾದಾಗ ಕೆಲಸ ಮಾಡ್ತಾನ. ನೋಡಿ ಬಂದ್ವಿ," ಎಂದರು. ಹುಟ್ಟು ಹಾಕುತ್ತಿದ್ದ ಬೀರಯ್ಯನ ಕೈ ನಿಂತಿತು. ಹರಗೋಲು ಒಂದು ಸುತ್ತು ಸುಮ್ಮನೆ ತಿರುಗಿತು. ಆಮೇಲೆ ಅವನು ಮತ್ತೆ ಹುಟ್ಟು ಹಾಕಿದ.

ಈಚೆಯ ದಂಡೆ ಮುಟ್ಟಿದ ಮೇಲೆ ಮಹಾಂತಮ್ಮ ಬುಟ್ಟಿ ಹೊತ್ತು ಹೋದಳು. ರಾಧಾಬಾಯಿ ಸ್ನಾನ ಮಾಡಿ ಜಪಕ್ಕೆ ಕೂಡುತ್ತೇನೆಂದು ನೀರಿನ ಅಂಚಿಗೆ ಹೋದರು. ಮಕ್ತಲಿನ ಬಂಡಿ ಇನ್ನೂ ಬಂದಿರಲಿಲ್ಲ. ಆಗ ಬೀರಯ್ಯ ಅಂಬಾಬಾಯಿಯ ಹತ್ತಿರ ಬಂದು ಮರಳಲ್ಲಿ ಕೂತ.

"ಅಮ್ಮಾರ, ಒಂದು ಮಾತೈತ್ರಿ. ಮೂರು ವರ್ಷ ಬಾಯಿ ಕಟ್ಟಿಕೊಂಡಿದ್ದೆ. ನೀವು ಬೊಂಬಾಯಿಗೆ ಜನ ಕಳಿಸಿ ಹುಡುಕಿಸೋ ಹಂಗಾದ್ರ ನಾ ಸುಮ್ಮನಿರಬಾರದು. ರಾಯರು ಬೊಂಬಾಯಿದಾಗ ಇಲ್ರೀ."

ಅಂಬಾಬಾಯಿ ನೀರಿನ ಅಂಚಿನಲ್ಲಿದ್ದ ಅತ್ತೆಯ ಕಡೆ ನೋಡಿದಳು.

"ಆ ವರ್ಷ ಅನಂತನ ಚತುರ್ದಶಿ ಹಿಂದಿನ ದಿನ ಹೊಳಿ ತುಂಬಿ ಬಂದಿತ್ರಿ. ರಾಯರು ಗದ್ವಾಲದ ಕಡೀಂದ ಬಂದ್ರು. ದಂಡು ಬಂದೈತಂತ, ಮನ್ಯಾಗ ಹೆಂಗಸರಿಬ್ಬರೇ ಅದಾರ, ಹಬ್ಬಕ್ಕ ನಾ ಮನಿ ಮುಟ್ಟಬೇಕು ಅಂದ್ರು. ನಾ ಒಲ್ಲೆ ಅಂದೆ. ನನ್ನ ಕಾಲು ಹಿಡಿಯಾಕ ಬಗ್ಗಿದ್ರು. ಅಂಥೋರು ನನ್ನ ಕಾಲು ಹಿಡಿತಾರಂದ್ರ ನಾ ಹೆಂಗ ಇಲ್ಲ ಅನ್ಲಿ? ನಡು ಹೊಳ್ಯಾಗ ಬೇರು ಸಮೇತ ಒಂದು ಮರ ಬಂತ್ರಿ. ಹರಗೋಲು ಮಗಚಿತು. ಎರಡು ಸಲ ಅವರ ಕೈ ನನಗ ಸಿಕ್ಕಿತು. ಮೂರನೇ ಸಲ ಬರೇ ನೀರು ಸಿಕ್ಕಿತು."

ಅವನು ತನ್ನ ಎರಡೂ ಅಂಗೈ ತಿರುವಿ ನೋಡಿಕೊಂಡ.

"ಮೂರು ದಿನ ಬಿಟ್ಟು ನಿಮ್ಮ ಅತ್ತೆಮ್ಮನೋರು ಮಗನ ದಾರಿ ನೋಡಾಕ ಬಂಡಿ ಮಾಡಿಕೊಂಡು ಇಲ್ಲಿಗೆ ಬಂದ್ರು. ಅವರಿಗೆ ಹೇಳಿದೆ."

"ಅತ್ಯಾಗ ಹೇಳಿದಿ?" ಅಂಬಾಬಾಯಿಯ ದನಿ ಅವಳಿಗೇ ದೂರದಿಂದ ಕೇಳಿದಂತಾಯಿತು.

"ಹೇಳಿದೆನ್ರಿ. ಅಳಲಿಲ್ಲ. ಮರಳಾಗ ಕೂತ್ರು. ಹೊತ್ತು ಇಳಿಯೋತನಕ ಕೂತ್ರು. ಆಮ್ಯಾಲೆ ಅಂದ್ರು, 'ಬೀರಯ್ಯಾ, ನನ್ನ ಸೊಸಿಗೆ ಇಪ್ಪತ್ತೊಂದು ವರ್ಷ. ಈ ಮಾತು ಹೊರಗ ಬಿದ್ರ ಅಕಿ ತಲೀಗೆ ಕತ್ತಿ ಬರ್ತದ. ನಾ ಉಂಡದ್ದು ಅಕಿ ಉಣ್ಣಬಾರದು. ಹೊಳಿ ಮುಟ್ಟಿ ಆಣಿ ಮಾಡು.' ಮಾಡಿದೆನ್ರಿ. ಇವತ್ತು ಮುರದೆ. ಗಂಗಮ್ಮ ಏನು ಮಾಡ್ತಾಳೋ ಮಾಡ್ಲಿ."

ಬೀರಯ್ಯ ಎದ್ದು ಹರಗೋಲಿನ ಕಡೆಗೆ ಹೋದ. ಅಂಬಾಬಾಯಿ ಕೂತಲ್ಲೇ ಕೂತಳು. ಆ ಭಾದ್ರಪದದ ದಿನಗಳು ಮಂಜಿನೊಳಗಿಂದ ಒಂದೊಂದಾಗಿ ಎದ್ದು ಬಂದವು. ಆ ಸಂಜೆ ಅತ್ತೆ ಬಂಡಿಯಿಂದ ಇಳಿದವರೇ ಬಾವಿಗೆ ಹೋಗಿ ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡಿದ್ದರು. ದಾರಿಯಲ್ಲಿ ಏನೋ ಮೈಲಿಗೆಯಾಯಿತು ಎಂದಿದ್ದರು. ಜ್ವರವೆಂದು ಹಿತ್ತಲಿನ ಕೋಣೆ ಸೇರಿ ಹತ್ತು ದಿನ ಬರಿ ನೆಲದ ಮೇಲೆ ಮಲಗಿದ್ದರು, ದೇವರ ಮನೆಗೆ ಕಾಲಿಟ್ಟಿರಲಿಲ್ಲ. ಅದು ಜ್ವರವಲ್ಲ, ಮಗನ ಸೂತಕ. ಒಬ್ಬರೇ, ಬಾಗಿಲು ಹಾಕಿಕೊಂಡು, ಸದ್ದು ಹೊರಗೆ ಬಾರದಂತೆ ಸೂತಕ ಕಳೆದಿದ್ದರು. ಹನ್ನೊಂದನೆಯ ದಿನ ಎದ್ದು ಬಂದು ಸೊಸೆಯ ಗಲ್ಲ ಹಿಡಿದು ಕುಂಕುಮ ಕೇಳಿದ್ದರು.

ಅವಳು ಎದ್ದು ನೀರಿನ ಅಂಚಿಗೆ ಹೋದಳು. ರಾಧಾಬಾಯಿ ಒದ್ದೆ ಸೀರೆಯಲ್ಲಿ ಕೂತಿದ್ದರು. ಹೆಜ್ಜೆಯ ಸದ್ದು ಕೇಳಿ, "ಬಂಡಿ ಬಂತೇನು?" ಎಂದರು.

ಅಂಬಾಬಾಯಿ ಅವರ ಪಕ್ಕದಲ್ಲಿ ಕುಸಿದಳು. ಮಡಿಯಲ್ಲಿದ್ದವರನ್ನು ಮುಟ್ಟಬಾರದೆಂಬುದು ನೆನಪಿದ್ದೂ ಎರಡೂ ಕೈಯಿಂದ ಅವರನ್ನು ತಬ್ಬಿಕೊಂಡಳು.

"ಬೀರಯ್ಯ ಹೇಳಿದ್ನೇನು?" ರಾಧಾಬಾಯಿ ಕೇಳಿದರು.

"ಹೇಳಿದ."

"ಆ ಪುರೋಹಿತ ಅವನಲ್ಲ ಅಂತ ನಿನಗೂ ಗೊತ್ತಿತ್ತೇನು?"

"ಹಲ್ಲು ನೋಡಿದೆನ್ರಿ."

"ನಾ ಮಂತ್ರ ಕೇಳಿದೆ. ಸ್ವರ ತಪ್ಪು. ನನ್ನ ಮಗ ಎಂದೂ ಸ್ವರ ತಪ್ಪಿದವನಲ್ಲ." ಅವರು ಸೊಸೆಯ ಬೆನ್ನ ಮೇಲೆ ಕೈಯಿಟ್ಟರು. "ನೀ ನಂಬಿದಿ ಅಂತ ನಾ ಹೌದಂದೆ. ಹೆಂಗೋ ಇನ್ನು ಕೆಲವು ವರ್ಷ ದಾಟ್ತದ ಅಂತ."

"ನೀವು ನಂಬೀರಂತ ನಾ ಹೌದಂದೆ ಅತ್ಯಾ."

ಮೂರು ವರ್ಷ ನಾಲ್ಕು ತಿಂಗಳ ಮೇಲೆ ಆ ತಾಯಿ ಬಾಯಿ ತೆರೆದು ಅತ್ತರು. ದೂರದಲ್ಲಿ ಬೀರಯ್ಯ ಹರಗೋಲನ್ನು ನೀರಿಗೆ ನೂಕಿ, ಅವರಿಗೆ ಬೆನ್ನು ಮಾಡಿ ನಿಂತ. ಮಂಜು ಮೆಲ್ಲಗೆ ಹರಿಯಿತು. ನೀರಿನ ನಡುವಿನ ಬಂಡೆಗಳು, ಅವುಗಳ ಮೇಲೆ ಕೂತ ಬಿಳಿ ಕೊಕ್ಕರೆಗಳು ಕಂಡವು. ಇಬ್ಬರೂ ಅಳು ಮುಗಿಯುವತನಕ ಅತ್ತರು.

"ಒಂದು ಪಾಪ ಮಾಡೀನಿ ಅಂಬಾ," ಎಂದರು ರಾಧಾಬಾಯಿ. "ಅವನಿಗೆ ಒಂದು ಪಿಂಡ ಇಡ್ಲಿಲ್ಲ. ಒಂದು ತುತ್ತು ನೀರು ಬಿಡ್ಲಿಲ್ಲ. ಎಲ್ಲಿ ತಿರುಗ್ಲಿಕ್ಹತ್ಯಾನೋ ನನ್ನ ಕೂಸು. ದಿನಾ ಬಾಗಿಲದಾಗ ನಿಂತು 'ಅವ್ವಾ, ನೀರು' ಅಂತ ಕೇಳಿದಂಗಾಗ್ತದ. ಕೇಳಿಸಿಲ್ಲ ಅನ್ನೋಹಂಗ ಇರ್ತೀನಿ."

ಅಂಬಾಬಾಯಿ ಸೆರಗಿನಿಂದ ಅತ್ತೆಯ ಮುಖ ಒರೆಸಿದಳು. ಅವಳ ಮನಸ್ಸು ಎಷ್ಟೋ ದಿನಗಳ ಮೇಲೆ ನಿಚ್ಚಳವಾಗಿತ್ತು.

"ಅವರನ್ನ ಕಳಿಸಿಕೊಡೋಣ ಅತ್ಯಾ. ಸಂಸ್ಕಾರ ಆಗ್ಲಿ. ಕುಂಕುಮ ನಾನೇ ಅಳಿಸಿಕೋತೀನಿ."

"ಕೂದಲು?"

"ಕೂದಲು ನಂದು. ಅವರಿಗೆ ಬೇಕಾದದ್ದು ನೀರು, ನನ್ನ ಕೂದಲಲ್ಲ."

ಆ ಮಧ್ಯಾಹ್ನ ಮಕ್ತಲು ಮುಟ್ಟಿದವರೇ ರಾಧಾಬಾಯಿ ಸೊಸೆಯ ಭುಜ ಹಿಡಿದು ನೇರ ಮೈದುನನ ಮನೆಗೆ ಹೋದರು. ಒಳಗೆ ಕಾಲಿಡಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಎಲ್ಲ ಹೇಳಿದರು. ಹೊಳೆ, ಮರ, ಬೀರಯ್ಯ, ತಾವು ಕಟ್ಟಿದ ಸುಳ್ಳು. ಸುಧೀಂದ್ರನಿಗೆ ಮೊದಲ ಮಂತ್ರ ಕಲಿಸಿದ್ದವರು ಶ್ರೀನಿವಾಸಾಚಾರರೇ. ಅವರು ಕಂಬಕ್ಕೆ ತಲೆಯಿಟ್ಟರು.

"ನಾಳೆನೇ ಹೊಳಿಗೆ ಹೋಗೋಣ ವೈನಿ. ನಾನೇ ಮಾಡ್ತೀನಿ," ಎಂದರು.

"ಮಾಡು. ಆದ್ರ ಒಂದು ಮಾತು. ಸೊಸಿ ಸಕೇಶಿಯಾಗೇ ಇರ್ತಾಳ. ಹಜಾಮ ನನ್ನ ಹೊಸ್ತಿಲು ದಾಟಬಾರದು. ಜಾತಿಯವರು ಏನಾರ ಅಂದ್ರ ನನ್ನ ಹತ್ರ ಕಳಿಸು."

ತಲೆಗೂದಲು ಉಳಿಸಿಕೊಂಡ ವಿಧವೆ ಆ ಓಣಿಯಲ್ಲಿ ಅದುವರೆಗೆ ಇರಲಿಲ್ಲ. ಶ್ರೀನಿವಾಸಾಚಾರರು ಮಗಳು ಕೂತಿದ್ದ ಒಳಮನೆಯ ಕಡೆಗೊಮ್ಮೆ ನೋಡಿದರು. ಆಮೇಲೆ ಅತ್ತಿಗೆಯ ಬೋಳುತಲೆಯ ಕಡೆಗೆ ನೋಡಿದರು.

"ನಿಮ್ಮನ್ನ ಹಿತ್ತಲದಾಗ ಕೂಡಿಸಿದ ದಿನ ನಾ ಹದಿನಾಲ್ಕು ವರ್ಷದವ," ಎಂದರು. "ಬಾಗಿಲ ಸಂದಿಯಿಂದ ನೋಡಿದ್ದೆ. ನಿಮ್ಮ ಕೂದಲು ಮೊಳಕಾಲ ತನಕ ಇದ್ವು. ಎರಡು ದಿನ ನನಗ ಅನ್ನ ಸೇರಲಿಲ್ಲ. ಆಗ ಹೇಳ್ಲಿಕ್ಕೆ ಬಾಯಿ ಇರಲಿಲ್ಲ. ಆಗ್ಲಿ ವೈನಿ. ನೀವು ಅಂದಂಗ ಆಗ್ಲಿ."

ಸಂಸ್ಕಾರ ಕೃಷ್ಣೆಯ ದಂಡೆಯಲ್ಲಿ ನಡೆಯಿತು. ದರ್ಭೆಯ ಗೊಂಬೆ ಉರಿದು ಬೂದಿಯಾದ ಮೇಲೆ ಬೀರಯ್ಯ ಶ್ರೀನಿವಾಸಾಚಾರರನ್ನು ನಡುಹೊಳೆಗೆ ಕರೆದೊಯ್ದು, ಜಾಗ ತೋರಿಸಿದ. ಬೂದಿಯನ್ನು ಅಲ್ಲಿ ಬಿಟ್ಟರು. ಅಂಬಾಬಾಯಿ ದಂಡೆಯಲ್ಲಿ ನಿಂತು ಹಣೆ ತೊಳೆದುಕೊಂಡಳು. ರಾಧಾಬಾಯಿ ಮೂರು ಬೊಗಸೆ ನೀರು ಬಿಟ್ಟು, "ಕುಡಿಯಪ್ಪಾ," ಎಂದರು.

ರಾಯಚೂರಿನ ಸಂಬಂಧ ಮುರಿಯಿತು. ಶ್ರೀನಿವಾಸಾಚಾರರು ಆ ಬಗ್ಗೆ ಅತ್ತಿಗೆಯ ಎದುರು ಒಂದು ಮಾತೂ ಆಡಲಿಲ್ಲ. ಮರುವರ್ಷ ಮಗಳಿಗೆ ಮಲ್ದಕಲ್ಲಿನ ಒಬ್ಬ ಶಾಲಾ ಮಾಸ್ತರ ಸಿಕ್ಕ. ಓಣಿಯ ಕೆಲವರು ಅಂಬಾಬಾಯಿ ಎದುರು ಬಂದರೆ ದಾರಿ ತಪ್ಪಿಸಿ ನಡೆದರು, ಬಾವಿಯ ಹತ್ತಿರ ಮಾತು ನಿಲ್ಲಿಸಿದರು. ಅವಳು ಉರ್ದು, ಕನ್ನಡ ಎರಡೂ ಬಲ್ಲಳೆಂದು ಅಯ್ಯಣ್ಣನೇ ನಾಲ್ಕು ಕಡೆ ಓಡಾಡಿ, ನಾರಾಯಣಪೇಟೆಯಲ್ಲಿ ಹೊಸದಾಗಿ ತೆರೆದ ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳಿಗೆ ಕೆಲಸ ಕೊಡಿಸಿದ. ತಾನು ತಂದ ತಪ್ಪು ಸುದ್ದಿಗೆ ಅವನು ಬಹಳ ದಿನ ನೊಂದುಕೊಂಡಿದ್ದ. "ನೀ ಆ ಸುದ್ದಿ ತರದಿದ್ರ ನಾವಿಬ್ಬರೂ ಒಬ್ಬರಿಗೊಬ್ಬರು ಹೆದರಿಕೋತ ಸಾಯ್ತಿದ್ವೆಪ್ಪಾ," ಎಂದು ರಾಧಾಬಾಯಿ ಅವನನ್ನು ಸಮಾಧಾನ ಮಾಡಿದರು.

ನಾರಾಯಣಪೇಟೆಯಲ್ಲಿ ಅವರು ಬಾಡಿಗೆ ಹಿಡಿದದ್ದು ನೇಕಾರರ ಬೀದಿಯಲ್ಲಿ. ಸೊಸೆಯ ಜೊತೆ ಪರ ಊರಿಗೆ ಹೋಗಬೇಡಿ, ನಮ್ಮಲ್ಲೇ ಇರಿ ಎಂದು ಶ್ರೀನಿವಾಸಾಚಾರರು ಅತ್ತಿಗೆಯನ್ನು ಬಹಳ ಕೇಳಿಕೊಂಡಿದ್ದರು. ರಾಧಾಬಾಯಿ ದೇವರ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಎಲ್ಲರಿಗಿಂತ ಮೊದಲೇ ಬಂಡಿ ಹತ್ತಿದ್ದರು.

ಶಾಲೆಯ ಮೊದಲ ದಿನ ಅಂಬಾಬಾಯಿ ನಸುಗಪ್ಪು ಸೀರೆ ಉಟ್ಟು, ಹೆರಳು ಗಂಟು ಹಾಕಿಕೊಂಡು ಹೊರಟು ನಿಂತಳು. "ಅಂಜಿಕಿ ಆಗ್ಲಿಕ್ಹತ್ಯದ್ರಿ ಅತ್ಯಾ," ಎಂದಳು.

"ಆಗ್ಲಿ. ಅಂಜಿಕೋತನೇ ಹೋಗು," ಎಂದು ರಾಧಾಬಾಯಿ ಬುತ್ತಿಯ ಗಂಟು ಕೈಗಿಟ್ಟರು. "ಮೊಸರನ್ನ ಅದ. ಹುಳಿ ಆಗೋದ್ರೊಳಗ ಉಣ್ಣು."

ಬೀದಿಯ ಎರಡೂ ಕಡೆ ಮಗ್ಗಗಳು ಶುರುವಾಗಿದ್ದವು. ಅಂಬಾಬಾಯಿ ಮೆಟ್ಟಿಲಿಳಿದು ನಡೆದಳು. ರಾಧಾಬಾಯಿ ಬಾಗಿಲಲ್ಲಿ ಕೂತು ಅವಳ ಹೆಜ್ಜೆಯ ಸದ್ದನ್ನು ಕೇಳುತ್ತಿದ್ದರು. ಅದು ಮಗ್ಗಗಳ ಸದ್ದಿನಲ್ಲಿ ಸೇರಿಹೋದ ಮೇಲೆ ಒಳಗೆ ಹೋಗಿ ಒಲೆಯ ಕೆಂಡ ಆರಿಸಿದರು.